ಉಕ್ಕಿನ ಚಕ್ರಗಳ ಅಂತರ ಬದಲಿಸುವುದು ಹೇಗೆ?

ಪ್ರಶ್ನೆ: ಅಮೆರಿಕದ ಅಯೋವಾದಲ್ಲಿದ್ದೇನೆ. ಕೊಂಡ ಜಮೀನಿನ ಜೊತೆಗೆ 1930ರ ದಶಕದ, ಉಕ್ಕಿನ ಚಕ್ರದ ಜಾನ್ ಡಿಯರ್ ಮಾಡೆಲ್ ಎ ಟ್ರ್ಯಾಕ್ಟರ್ ಬಂತು. 30 ಇಂಚು ಅಂತರದ ಮೆಕ್ಕೆಜೋಳದ ಸಾಲಿನಲ್ಲಿ ಓಡಿಸಿದರೆ ಹಿಂದಿನ ಚಕ್ರ ಗಿಡ ತುಳಿಯುತ್ತದೆ. ಏನು ಮಾಡಲಿ?

ಉತ್ತರ: ನಿಮ್ಮ ಮುಂಚಕ್ರಗಳು ಜೋಡಿಯಾಗಿ ನಡುವೆ ಇದ್ದರೆ, ಹಿಂಚಕ್ರಗಳ ಅಂತರ ಮಧ್ಯದಿಂದ ಮಧ್ಯಕ್ಕೆ 60 ಇಂಚು, ಅಂದರೆ ಎರಡು ಸಾಲಿನಷ್ಟು, ಇರಲಿ. 1934ರಲ್ಲಿ ಬಂದ ಈ ಮಾದರಿಯ ಹಿಂದಿನ ಆಕ್ಸಲ್ ಉದ್ದಕ್ಕೂ ಹಲ್ಲುಗೆರೆಗಳಿವೆ. ಹಬ್ ಅವುಗಳ ಮೇಲೆ ಜಾರುತ್ತದೆ.

ಗಟ್ಟಿಯಾದ ಸಮನೆಲದಲ್ಲಿ ಎಂಜಿನ್ ನಿಲ್ಲಿಸಿ, ಮುಂಚಕ್ರಕ್ಕೆ ಅಡ್ಡಗಟ್ಟೆ ಕೊಡಿ. ಒಂದು ಬದಿಯನ್ನಷ್ಟೇ ಜಾಕಿನಿಂದ ಎತ್ತಿ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಡಿ; ಜಾಕ್ ಒಂದನ್ನೇ ನಂಬಬೇಡಿ. ಗೆರೆಗಳ ತುಕ್ಕನ್ನು ತಂತಿ ಬ್ರಷ್‌ನಿಂದ ತೆಗೆದು, ತುಕ್ಕು ಸಡಿಲಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಚಕ್ರವನ್ನು ಹಾಯ್ಸ್ಟ್‌ಗೆ ತೂಗುಹಾಕಿದ ಮೇಲೆ ಹಬ್‌ನ ಬೋಲ್ಟ್ ಸಡಿಲಿಸಿ ಸರಿಸಿ. ಆಕ್ಸಲ್ ತುದಿಯಿಂದ ಅಳೆದು ಎರಡೂ ಬದಿ ಸಮ ಮಾಡಿ. ಬೋಲ್ಟ್ ಬಿಗಿದು, ಒಂದು ಗಂಟೆಯಷ್ಟು ಓಡಿಸಿದ ಮೇಲೆ ಮತ್ತೆ ಬಿಗಿಯಿರಿ.

ಅಷ್ಟಕ್ಕೂ ಅಂತರ ಸಾಲದಿದ್ದರೆ, ನಡುಭಾಗ ಒಂದು ಬದಿಗೆ ತಗ್ಗಾಗಿರುವ ಚಕ್ರವಾದಲ್ಲಿ ಎಡಬಲ ಅದಲುಬದಲು ಮಾಡಬಹುದು; ಮಣ್ಣು ಕಚ್ಚುವ ಹಲ್ಲುಗಳ ದಿಕ್ಕು ತಪ್ಪದಂತೆ ನೋಡಿಕೊಳ್ಳಿ.

ಹಬ್ ಜಗ್ಗದಿದ್ದರೆ ಸುತ್ತಿಗೆ ಬೀಸಬೇಡಿ, ಎರಕದ ಕಬ್ಬಿಣ ಸೀಳುತ್ತದೆ. ಬಿರುಕು ಅಥವಾ ಸವೆದ ಗೆರೆ ಕಂಡರೆ ಹೈಡ್ರಾಲಿಕ್ ಪುಲ್ಲರ್ ಇರುವ ಹಳೆ ಟ್ರ್ಯಾಕ್ಟರ್ ಮೆಕ್ಯಾನಿಕ್‌ಗೆ ತೋರಿಸಿ. ಅಂತರ ಕಡಿಮೆ ಮಾಡಿದ ಮೇಲೆ ಇಳಿಜಾರಿನಲ್ಲಿ ಮಗುಚುವ ಅಪಾಯ ಹೆಚ್ಚು, ತಿರುವಿನಲ್ಲಿ ನಿಧಾನಿಸಿ.