ಪ್ಲಾಟಿನಂ ಔಷಧಿ ಹಾಕಿಸಿಕೊಳ್ಳುವವರಿಗೆ

ಸಖರಾಯಪಟ್ಟಣದ ಕಡೆಯಿಂದ ಕ್ಯಾನ್ಸರ್ ಚಿಕಿತ್ಸೆಗೆಂದು ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಬಸ್ಸು ಹತ್ತುವವರಿಗೆ ಒಂದು ಮಾತು. ನಿಮಗೆ ಕೊಡುವ ಔಷಧಿ ಸಿಸ್‌ಪ್ಲಾಟಿನ್ ಆಗಿದ್ದರೆ ಅದರೊಳಗಿರುವುದು ಪ್ಲಾಟಿನಂ, ಒಡವೆ ಅಂಗಡಿಯ ಅದೇ ಬಿಳಿ ಲೋಹ. ಅಜ್ಜಂಪುರದಾಚೆ, ಚನ್ನಗಿರಿ ತಾಲ್ಲೂಕಿನ ಹನುಮಲಾಪುರದ ಬಂಡೆಗಳಲ್ಲೂ ಭೂವಿಜ್ಞಾನಿಗಳು ಅದನ್ನು ಕಂಡಿದ್ದಾರೆ.

ಈ ಲೋಹ ಔಷಧಿಯಾದದ್ದು ಹೀಗೆ: ಅಮೆರಿಕದ ವಿಜ್ಞಾನಿ ಬಾರ್ನೆಟ್ ರೋಸೆನ್‌ಬರ್ಗ್ ಬ್ಯಾಕ್ಟೀರಿಯಾಗಳ ನಡುವೆ ವಿದ್ಯುತ್ ಹರಿಸಿದಾಗ ಅವು ಇಬ್ಭಾಗವಾಗದೆ ಉದ್ದಕ್ಕೆ ಬೆಳೆದವು. ಕಾರಣ, ವಿದ್ಯುತ್ ಹರಿಸಲು ಬಳಸಿದ ಪ್ಲಾಟಿನಂ ಕಡ್ಡಿಯಿಂದ ಕರಗಿದ ಲೋಹ! 1965ರಲ್ಲಿ ಪ್ರಕಟವಾದ ಆ ಶೋಧದಿಂದ ಬಂದ ಸಿಸ್‌ಪ್ಲಾಟಿನ್ 1978ರಲ್ಲಿ ಅಮೆರಿಕದಲ್ಲಿ ಕ್ಯಾನ್ಸರ್ ಔಷಧಿಯಾಗಿ ಒಪ್ಪಿಗೆ ಪಡೆಯಿತು.

ಜೀವ ಉಳಿಸುವ ಈ ಔಷಧಿ ಮೂತ್ರಪಿಂಡಕ್ಕೂ ಕಿವಿಗೂ ಕಠಿಣ. ವೈದ್ಯರು ಹೇಳಿದಷ್ಟು ನೀರು ಕುಡಿಯಿರಿ. ಕಿವಿ ಗುಂಯ್‌ಗುಟ್ಟಿದರೆ ಅಂದೇ ತಿಳಿಸಿ. ನೋವಿನ ಮಾತ್ರೆಯನ್ನು ಅಂಗಡಿಯಿಂದ ತಂದು ನುಂಗಬೇಡಿ, ಮೊದಲು ಅವರನ್ನು ಕೇಳಿ.