ರೈತರ ಮಕ್ಕಳ ಕಾಲೇಜು ವಿದ್ಯಾಭ್ಯಾಸ: ಅರ್ಜಿಯ ಕ್ರಮವೂ ದ್ರವ್ಯಸಹಾಯವೂ

ಮೈಸೂರು ನಗರದ ನೈರುತ್ಯ ದಿಕ್ಕಿನಲ್ಲಿರುವ ದಟ್ಟಗಳ್ಳಿಯು ಹಿಂದೆ ಬೇಸಾಯವನ್ನೇ ನೆಚ್ಚಿಕೊಂಡಿದ್ದ ಗ್ರಾಮ. ನಗರವು ಬೆಳೆದಂತೆಲ್ಲ ಅದರ ಹೊಲಗಳು ಬಡಾವಣೆಗಳಾಗಿ ಮಾರ್ಪಟ್ಟು, ಊರು ನಗರಪಾಲಿಕೆಯ ಎಲ್ಲೆಯೊಳಗೆ ಸೇರಿಹೋಯಿತು. ಇಂತಹ ಊರಿನ ಒಕ್ಕಲು ಮನೆಗಳಲ್ಲಿ ಕೆಲವಕ್ಕೆ ಸುತ್ತಣ ಹೋಬಳಿಗಳಲ್ಲಿ ಇನ್ನೂ ಅಷ್ಟಿಷ್ಟು ಜಮೀನುಂಟು. ಕೆಲವಕ್ಕೆ ಮನೆಯೊಂದೇ ಉಳಿದಿದೆ. ಎರಡು ಬಗೆಯ ಮನೆಗಳಿಗೂ ಮಕ್ಕಳ ವಿದ್ಯೆಯೇ ಮುಂದಿನ ಆಸ್ತಿ. ಎಕರೆಯನ್ನು ಅಣ್ಣತಮ್ಮಂದಿರು ಹಂಚಿಕೊಂಡರೆ ಗುಂಟೆಯಾಗುವುದು. ವಿದ್ಯೆಗೆ ಆ ಭಯವಿಲ್ಲ.

ಹೀಗಿದ್ದರೂ ಪಿ.ಯು.ಸಿ. ಎರಡನೆಯ ವರ್ಷವನ್ನು ಚೆನ್ನಾಗಿ ಮುಗಿಸಿದ ಮಕ್ಕಳು ಎಷ್ಟೋ ವೇಳೆ ಅಂಕಗಳ ಕೊರತೆಯಿಂದಲ್ಲದೆ ಕಾಗದಪತ್ರಗಳ ಕೊರತೆಯಿಂದ ಸ್ಥಾನವನ್ನೂ ವಿದ್ಯಾರ್ಥಿವೇತನವನ್ನೂ ಕಳೆದುಕೊಳ್ಳುವರು. ಈ ನಷ್ಟವು ಮಳೆ ಬಾರದೆ ಆದ ನಷ್ಟದಂತಲ್ಲ. ಹದ ತಪ್ಪಿ ಬಿತ್ತಿದ್ದರಿಂದ ಆದ ನಷ್ಟದಂತಹುದು. ಆದುದರಿಂದ ಯಾವ ಕೆಲಸವನ್ನು ಯಾವ ಕಾಲದಲ್ಲಿ ಮಾಡತಕ್ಕದ್ದೆಂಬುದನ್ನು ಊರಿನ ಮುಖಂಡರೂ ಜಮೀನುದಾರರೂ ತಿಳಿದಿರುವುದು ಅವಶ್ಯಕ.

೧. ರೈತರ ಮಕ್ಕಳಿಗಿರುವ ವಿಶೇಷ ಅವಕಾಶ

ಈ ನಾಡಿನಲ್ಲಿ ವ್ಯವಸಾಯ ವಿದ್ಯೆಗೆ ಸರ್ಕಾರದ ಆಶ್ರಯವು ಹಳೆಯದು. ೧೮೯೯ರಲ್ಲಿ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ಬೆಂಗಳೂರಿನ ಹೆಬ್ಬಾಳದಲ್ಲಿ ೩೦ ಎಕರೆ ಭೂಮಿಯನ್ನು ವ್ಯವಸಾಯ ಸಂಶೋಧನೆಗಾಗಿ ಕೊಟ್ಟರು. ಅಲ್ಲಿಯೇ ೧೯೧೩ರಲ್ಲಿ ವ್ಯವಸಾಯ ಶಾಲೆಯೂ, ೧೯೪೬ರಲ್ಲಿ ಕಾಲೇಜೂ, ೧೯೬೪ರಲ್ಲಿ ಕೃಷಿ ವಿಶ್ವವಿದ್ಯಾನಿಲಯವೂ ಹುಟ್ಟಿದುವು. ತರುವಾಯ ಧಾರವಾಡ, ರಾಯಚೂರು, ಶಿವಮೊಗ್ಗಗಳಲ್ಲಿ ಕೃಷಿ ವಿಶ್ವವಿದ್ಯಾನಿಲಯಗಳೂ, ಬಾಗಲಕೋಟೆಯಲ್ಲಿ ತೋಟಗಾರಿಕೆಯದೂ, ಬೀದರಿನಲ್ಲಿ ಪಶುವೈದ್ಯಕೀಯದ್ದೂ ಸ್ಥಾಪಿತವಾದುವು. ಮೈಸೂರು ಸೀಮೆಯವರಿಗೆ ಮಂಡ್ಯದ ಬಳಿಯ ವಿ.ಸಿ. ಫಾರಂನಲ್ಲಿರುವ ಕೃಷಿ ಕಾಲೇಜು ಸಮೀಪವಾದುದು.

ಈ ವಿದ್ಯಾಲಯಗಳಲ್ಲಿ ವ್ಯವಸಾಯಗಾರರ ಮಕ್ಕಳಿಗೆ ಪ್ರತ್ಯೇಕವಾಗಿ ಸ್ಥಾನಗಳನ್ನು ಕಾದಿರಿಸುವ ಪದ್ಧತಿಯುಂಟು. ಈ ಪಾಲನ್ನು ೨೦೨೧ರಲ್ಲಿ ನೂರಕ್ಕೆ ೪೦ರಿಂದ ೫೦ಕ್ಕೆ ಏರಿಸಲಾಯಿತು. ಪ್ರವೇಶವು ಕರ್ನಾಟಕ ಪರೀಕ್ಷಾ ಪ್ರಾಧಿಕಾರದವರು ನಡೆಸುವ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿ.ಇ.ಟಿ.ಯ ಮೂಲಕ ಆಗುವುದು. ಈ ಅವಕಾಶಕ್ಕೆ ಪಿ.ಯು.ಸಿ.ಯಲ್ಲಿ ವಿಜ್ಞಾನ ವಿಭಾಗವನ್ನು ಓದಿರಬೇಕು, ಇದನ್ನು ಎಸ್.ಎಸ್.ಎಲ್.ಸಿ. ಮುಗಿದೊಡನೆಯೇ ಯೋಚಿಸತಕ್ಕದ್ದು.

ವ್ಯವಸಾಯಗಾರರ ಪಾಲನ್ನು ಕೇಳುವವರು ಬರೆಯುವ ಪರೀಕ್ಷೆಯ ಜೊತೆಗೆ ಒಂದು ಪ್ರಾಯೋಗಿಕ ಪರೀಕ್ಷೆಗೂ ಹಾಜರಾಗಬೇಕು. ಅದರಲ್ಲಿ ಬೀಜ, ಗೊಬ್ಬರ, ಬೇಸಾಯದ ಸಲಕರಣೆ ಮುಂತಾದುವನ್ನು ಗುರುತಿಸುವ ಶಕ್ತಿಯನ್ನು ನೋಡುವರು. ಅರ್ಹತೆಯನ್ನು ಲೆಕ್ಕ ಹಾಕುವಾಗ ಈ ಪರೀಕ್ಷೆಗೆ ಅರ್ಧ ತೂಕವನ್ನೂ, ಪಿ.ಯು.ಸಿ. ಮತ್ತು ಸಿ.ಇ.ಟಿ. ಅಂಕಗಳಿಗೆ ತಲಾ ಕಾಲು ತೂಕವನ್ನೂ ಕೊಡುವ ಕ್ರಮವಿದೆ.

ದಟ್ಟಗಳ್ಳಿಯಂತಹ ಊರಿನವರು ಇಲ್ಲಿ ವಿಶೇಷವಾಗಿ ಎಚ್ಚರವಹಿಸಬೇಕು. ತಾತನ ಹೆಸರಿನಲ್ಲಿ ಪಹಣಿಯಿದ್ದರೂ ನಗರದ ಬೀದಿಯಲ್ಲಿ ಬೆಳೆದ ಮೊಮ್ಮಗನಿಗೆ ಸಾಮೆಗೂ ನವಣೆಗೂ ಭೇದ ತಿಳಿಯದಿದ್ದರೆ ಆ ಪಹಣಿಯಿಂದ ಅರ್ಧ ಪ್ರಯೋಜನ ಮಾತ್ರ. ಹಿರಿಯರು ರಜಾದಿನಗಳಲ್ಲಿ ಮಕ್ಕಳನ್ನು ಹೊಲಕ್ಕೆ ಕರೆದೊಯ್ದು ನೇಗಿಲು, ಕುಂಟೆ, ಕೂರಿಗೆ, ಹಲುಬೆಗಳ ಉಪಯೋಗವನ್ನು ಕೈಯಾರೆ ತೋರಿಸಬೇಕು. ರಾಗಿ, ಹುರುಳಿ, ಅಲಸಂದೆ, ಹುಚ್ಚೆಳ್ಳು ಮೊದಲಾದ ಬೀಜಗಳನ್ನು ಸಣ್ಣ ಪೊಟ್ಟಣಗಳಲ್ಲಿ ಕಟ್ಟಿಟ್ಟು ವಾರಕ್ಕೊಮ್ಮೆ ಗುರುತು ಹಿಡಿಸುವುದು ಖರ್ಚಿಲ್ಲದ ಉತ್ತಮ ಅಭ್ಯಾಸ. ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರವನ್ನು ಒಮ್ಮೆ ತೋರಿಸಿ ತರುವುದೂ ಒಳ್ಳೆಯದು.

೨. ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಮಾಡತಕ್ಕ ಕೆಲಸ

ಸಿ.ಇ.ಟಿ. ಅರ್ಜಿಯನ್ನು ಸಾಮಾನ್ಯವಾಗಿ ವರ್ಷಾರಂಭದ ತಿಂಗಳುಗಳಲ್ಲಿ ಕರೆಯುವರು. ಪರೀಕ್ಷೆಯು ಏಪ್ರಿಲ್ ಸುಮಾರಿಗೆ ನಡೆಯುವುದು. ಯಾವ ಯಾವ ಮೀಸಲಾತಿ ಬೇಕೆಂಬುದನ್ನು ಆ ಅರ್ಜಿಯಲ್ಲಿಯೇ ಕೇಳಿಕೊಳ್ಳಬೇಕು. ಫಲಿತಾಂಶ ಬಂದಮೇಲೆ ನೆನಪಿಸಿಕೊಂಡು ಕೇಳಿದರೆ ಪ್ರಯೋಜನವಿಲ್ಲ. ಆದಕಾರಣ ದೀಪಾವಳಿಗೂ ಸಂಕ್ರಾಂತಿಗೂ ನಡುವೆ, ರಾಗಿಯ ಕೊಯ್ಲು ಒಕ್ಕಣೆಗಳ ಬಿಡುವಿನಲ್ಲಿ, ಈ ಕೆಳಗಣ ಕಾಗದಗಳನ್ನು ಸಿದ್ಧಮಾಡಿಕೊಳ್ಳತಕ್ಕದ್ದು.

ಮೊದಲನೆಯದು ಪಹಣಿ. ಅದರ ೯ನೆಯ ಕಾಲಂನಲ್ಲಿ ಯಾರ ಹೆಸರಿದೆಯೆಂಬುದನ್ನು ನೋಡಬೇಕು. ತೀರಿಹೋದ ತಾತನ ಹೆಸರೇ ಇನ್ನೂ ನಿಂತಿದ್ದರೆ ಮರಣಪತ್ರವನ್ನೂ ವಂಶವೃಕ್ಷವನ್ನೂ ಕೊಟ್ಟು ಪೌತಿ ಖಾತೆ ಮಾಡಿಸಿಕೊಳ್ಳುವುದು ಕ್ಷೇಮ. ನೋಟೀಸಿನ ಅವಧಿ ಕಳೆಯಬೇಕಾದುದರಿಂದ ಇದಕ್ಕೆ ವಾರಗಳೇ ಹಿಡಿಯುವುವು. ಅರ್ಜಿಯ ಕಡೆಯ ದಿನ ನಾಡಕಚೇರಿಗೆ ಓಡಿದರೆ ಆಗತಕ್ಕ ಕೆಲಸವಲ್ಲ.

ಎರಡನೆಯದು ತಹಸೀಲ್ದಾರರಿಂದ ಪಡೆಯಬೇಕಾದ ವ್ಯವಸಾಯಗಾರರ ಪ್ರಮಾಣಪತ್ರ. ಆ ವರ್ಷದ ಮಾಹಿತಿ ಪುಸ್ತಿಕೆಯಲ್ಲಿ ಕೊಟ್ಟಿರುವ ನಮೂನೆಯಲ್ಲಿಯೇ ಇದು ಇರಬೇಕು. ಭೂಮಿಯನ್ನೆಲ್ಲ ಬಡಾವಣೆಗೆ ಕೊಟ್ಟು ಬೇಸಾಯವನ್ನು ಬಿಟ್ಟವರು ಹಳೆಯ ಪಹಣಿಯನ್ನು ತೋರಿಸಿ ಈ ಪಾಲನ್ನು ಕೇಳುವುದು ನ್ಯಾಯವಲ್ಲ. ಅಂತಹ ಸುಳ್ಳು ಹೊರಬಿದ್ದರೆ ದೊರೆತ ಸ್ಥಾನವೂ ಹೋಗುವುದು.

ಮೂರನೆಯದು ಜಾತಿ ಮತ್ತು ಆದಾಯ ಪ್ರಮಾಣಪತ್ರ. ಪರಿಶಿಷ್ಟ ಜಾತಿ ಪಂಗಡಗಳವರಿಗೆ ಡಿ, ಪ್ರವರ್ಗ ೧ಕ್ಕೆ ಇ, ಇತರ ಹಿಂದುಳಿದ ವರ್ಗಗಳಿಗೆ ಎಫ್ ನಮೂನೆಗಳಿರುವುವು. ಪ್ರತಿಯೊಂದರ ಮೇಲೂ ಇರುವ ಆರ್.ಡಿ. ಸಂಖ್ಯೆಯನ್ನು ಬೇರೆಯಾಗಿ ಬರೆದಿಟ್ಟುಕೊಳ್ಳಬೇಕು; ಆದಾಯಪತ್ರದ ಅವಧಿ ಮುಗಿದಿಲ್ಲವೆಂಬುದನ್ನೂ ನೋಡಿಕೊಳ್ಳಬೇಕು.

ನಾಲ್ಕನೆಯದು ವ್ಯಾಸಂಗ ಪ್ರಮಾಣಪತ್ರ. ಗ್ರಾಮೀಣರಿಗೆ ನೂರಕ್ಕೆ ೧೫ರಷ್ಟೂ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ೫ರಷ್ಟೂ ಮೀಸಲಾತಿಯುಂಟು. ಮೊದಲನೆಯದಕ್ಕೆ ೧ರಿಂದ ೧೦ನೆಯ ತರಗತಿಯವರೆಗೆ ಪೂರ್ತಿ ಹತ್ತು ವರ್ಷ ಗ್ರಾಮಾಂತರದ ಶಾಲೆಯಲ್ಲಿ ಓದಿರಬೇಕು. ಇದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಬೇಕು. ದಟ್ಟಗಳ್ಳಿಯನ್ನು ಮನೆಯವರು ಹಳ್ಳಿಯೆಂದೇ ಕರೆದರೂ ನಗರದ ಎಲ್ಲೆಯೊಳಗಿನ ಶಾಲೆಯಲ್ಲಿ ಓದಿದವರಿಗೆ ಈ ಮೀಸಲಾತಿ ಸಲ್ಲದು. ಗ್ರಾಮೀಣ ಮೀಸಲಾತಿಯು ಶಾಲೆ ಇದ್ದ ಸ್ಥಳವನ್ನೂ, ವ್ಯವಸಾಯಗಾರರ ಪಾಲು ಕುಟುಂಬದ ಬೇಸಾಯವನ್ನೂ ಅವಲಂಬಿಸಿರುವುವು. ಒಂದಿಲ್ಲವೆಂದು ಮತ್ತೊಂದನ್ನು ಕೈಬಿಡಕೂಡದು.

ಐದನೆಯದು ಹೆಸರಿನ ಹೊಂದಿಕೆ. ಅಂಕಪಟ್ಟಿಯಲ್ಲಿ ತಂದೆಯ ಹೆಸರು ಮಹದೇವೇಗೌಡ, ಆಧಾರ್ ಚೀಟಿಯಲ್ಲಿ ಮಾದೇಗೌಡ, ಪಹಣಿಯಲ್ಲಿ ಬರಿಯ ಮಾದಯ್ಯ ಎಂದಿದ್ದರೆ ಊರಿನವರಿಗೆ ಮೂವರೂ ಒಬ್ಬರೇ. ಕಚೇರಿಯ ಯಂತ್ರಕ್ಕೆ ಮಾತ್ರ ಮೂವರು ಬೇರೆ ಬೇರೆ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯ ಹೆಸರನ್ನೇ ಆಧಾರವಾಗಿಟ್ಟುಕೊಂಡು ಉಳಿದುವನ್ನು ಮುಂಚಿತವಾಗಿ ತಿದ್ದಿಸಿಕೊಳ್ಳಬೇಕು.

೩. ಅರ್ಜಿ ತುಂಬುವಾಗ ವಹಿಸತಕ್ಕ ಎಚ್ಚರಿಕೆ

ಅರ್ಜಿಯನ್ನು ಕಂಪ್ಯೂಟರ್ ಮೂಲಕವೇ ಕಳುಹಿಸಬೇಕಾದುದರಿಂದ ಅನೇಕರು ಅಂಗಡಿಯವರನ್ನು ಆಶ್ರಯಿಸುವರು. ಅದರಲ್ಲಿ ತಪ್ಪಿಲ್ಲ. ಆದರೆ ಅರ್ಜಿಯಲ್ಲಿ ಕೊಡುವ ಮೊಬೈಲ್ ಸಂಖ್ಯೆಯು ಮನೆಯವರದಾಗಿರಬೇಕೇ ಹೊರತು ಅಂಗಡಿಯವರದಾಗಿರಕೂಡದು. ಪ್ರಾಧಿಕಾರದ ಸೂಚನೆಗಳೆಲ್ಲ ಆ ಸಂಖ್ಯೆಗೇ ಬರುವುವು. ಗುಪ್ತಪದವನ್ನೂ ಒ.ಟಿ.ಪಿ.ಯನ್ನೂ ಪರರಿಗೆ ಕೊಡುವುದೆಂದರೆ ಕಣಜದ ಬೀಗದ ಕೈಯನ್ನು ದಾರಿಹೋಕನಿಗೆ ಒಪ್ಪಿಸಿದಂತೆಯೇ ಸರಿ. ಹಣ ಕೊಟ್ಟರೆ ಸರ್ಕಾರಿ ಸ್ಥಾನ ಕೊಡಿಸುವೆವೆನ್ನುವ ದಲ್ಲಾಳಿಗಳ ಮಾತಿಗೆ ಕಿವಿಗೊಡಲೇಬಾರದು.

ಫಲಿತಾಂಶದ ತರುವಾಯ ಕಾಲೇಜುಗಳನ್ನು ಇಷ್ಟದ ಕ್ರಮದಲ್ಲಿ ನಮೂದಿಸಬೇಕು. ದೊರೆಯಲಾರದೆಂದು ಹೆದರಿ ನಿಜವಾಗಿ ಬೇಕಾದುದನ್ನು ಕೆಳಗೆ ಬರೆಯುವುದು ದೊಡ್ಡ ತಪ್ಪು. ಮೇಲೆ ಬರೆದುದು ಸಿಕ್ಕದಿದ್ದರೆ ಅದರ ಕೆಳಗಿನದನ್ನು ನೋಡುವರೇ ಹೊರತು ಮೇಲೆ ಬರೆದ ಕಾರಣದಿಂದ ಕೆಳಗಿನದು ತಪ್ಪಿಹೋಗುವುದಿಲ್ಲ. ನಾಲ್ಕೈದು ಹೆಸರುಗಳಿಗೇ ನಿಲ್ಲಿಸದೆ, ಸೇರಲು ಒಪ್ಪಿಗೆಯಿರುವ ಎಲ್ಲವನ್ನೂ ಬರೆಯಬೇಕು. ಸ್ಥಾನವು ದೊರೆತಮೇಲೆ ಅದನ್ನು ಒಪ್ಪಿ ಸೇರುವುದೋ, ಮುಂದಿನ ಸುತ್ತಿಗೆ ಕಾಯುವುದೋ ಎಂಬುದನ್ನು ಗೊತ್ತಾದ ವಾಯಿದೆಯೊಳಗೆ ತಿಳಿಸಿ ಶುಲ್ಕವನ್ನು ಕಟ್ಟಬೇಕು. ಒಂದು ದಿನ ತಡವಾದರೂ ಆ ಸ್ಥಾನವು ಬೇರೊಬ್ಬರ ಪಾಲಾಗುವುದು.

೪. ದ್ರವ್ಯಸಹಾಯ

ಸ್ಥಾನ ದೊರೆತೊಡನೆ ವಿದ್ಯಾರ್ಥಿವೇತನದ ಅರ್ಜಿಯನ್ನು ಹಾಕಬೇಕು. ರಾಜ್ಯದ ಬಹುತೇಕ ವಿದ್ಯಾರ್ಥಿವೇತನಗಳಿಗೆ ಎಸ್.ಎಸ್.ಪಿ. ಎಂಬ ಒಂದೇ ಬಾಗಿಲಿರುವುದು. ಹಣವು ವಿದ್ಯಾರ್ಥಿಯ ಬ್ಯಾಂಕ್ ಖಾತೆಗೇ ಬರುವುದರಿಂದ ಖಾತೆಗೆ ಆಧಾರ್ ಜೋಡಣೆಯಾಗಿದೆಯೆಂಬುದನ್ನು ಬ್ಯಾಂಕಿನಲ್ಲಿ ವಿಚಾರಿಸಿಕೊಳ್ಳಬೇಕು.

ರೈತರ ಮಕ್ಕಳಿಗಾಗಿ ೨೦೨೧ರಲ್ಲಿ ರೈತ ವಿದ್ಯಾನಿಧಿ ಎಂಬ ಯೋಜನೆಯು ಆರಂಭವಾಯಿತು. ಆಗ ಗೊತ್ತುಮಾಡಿದ ವಾರ್ಷಿಕ ದರಗಳು ಹೀಗಿದ್ದುವು: ಪಿ.ಯು.ಸಿ., ಐ.ಟಿ.ಐ., ಡಿಪ್ಲೊಮಾ ಓದುವ ಹುಡುಗರಿಗೆ ೨,೫೦೦, ಹುಡುಗಿಯರಿಗೆ ೩,೦೦೦ ರೂಪಾಯಿ; ಬಿ.ಎ., ಬಿ.ಎಸ್‌ಸಿ., ಬಿ.ಕಾಂ. ಮುಂತಾದುವಕ್ಕೆ ೫,೦೦೦ ಮತ್ತು ೫,೫೦೦. ಕಾನೂನು, ನರ್ಸಿಂಗ್ ಮುಂತಾದುವಕ್ಕೆ ೭,೫೦೦ ಮತ್ತು ೮,೦೦೦. ವೈದ್ಯ, ಎಂಜಿನಿಯರಿಂಗ್ ಮತ್ತು ಸ್ನಾತಕೋತ್ತರ ವ್ಯಾಸಂಗಕ್ಕೆ ೧೦,೦೦೦ ಮತ್ತು ೧೧,೦೦೦. ಮುಂದೆ ಇದನ್ನು ಕೃಷಿ ಕಾರ್ಮಿಕರ ಮಕ್ಕಳಿಗೂ ವಿಸ್ತರಿಸಲಾಯಿತು. ಇದಕ್ಕೆ ತಂದೆಯದಾಗಲಿ ತಾಯಿಯದಾಗಲಿ ಫ್ರೂಟ್ಸ್ ನೋಂದಣಿ ಸಂಖ್ಯೆ ಮುಖ್ಯವಾದ ಆಧಾರ. ಆಯಾ ವರ್ಷದ ಆದೇಶವೇನೆಂಬುದನ್ನು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬೇಕು.

ಊಟ ವಸತಿಗಳ ಖರ್ಚು ಶುಲ್ಕಕ್ಕಿಂತಲೂ ಹೆಚ್ಚಾಗುವುದುಂಟು. ಆದುದರಿಂದ ಸರ್ಕಾರದ ವಿದ್ಯಾರ್ಥಿನಿಲಯಕ್ಕೆ ತಪ್ಪದೆ ಅರ್ಜಿ ಹಾಕತಕ್ಕದ್ದು. ಅಲ್ಲಿ ಸ್ಥಳ ಸಿಕ್ಕದವರಿಗೆಂದು ವಿದ್ಯಾಸಿರಿ ಯೋಜನೆಯನ್ನು ಆರಂಭಿಸಿದಾಗ ತಿಂಗಳಿಗೆ ೧,೫೦೦ ರೂಪಾಯಿಯಂತೆ ಹತ್ತು ತಿಂಗಳಿಗೆ ೧೫,೦೦೦ ರೂಪಾಯಿಯನ್ನು ಗೊತ್ತುಮಾಡಲಾಗಿತ್ತು.

ಇಷ್ಟರಿಂದಲೂ ಸಾಲದಿದ್ದರೆ ಬ್ಯಾಂಕಿನ ವಿದ್ಯಾಭ್ಯಾಸ ಸಾಲವುಂಟು. ಕೇಂದ್ರ ಸರ್ಕಾರವು ೨೦೨೪ರ ನವೆಂಬರಿನಲ್ಲಿ ಮಂಜೂರು ಮಾಡಿದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯಂತೆ, ಗೊತ್ತುಮಾಡಿದ ಉತ್ತಮ ವಿದ್ಯಾಸಂಸ್ಥೆಗಳಲ್ಲಿ ಅರ್ಹತೆಯಿಂದ ಸ್ಥಾನ ಪಡೆದವರಿಗೆ ಅಡಮಾನವೂ ಜಾಮೀನೂ ಇಲ್ಲದೆ ಸಾಲ ದೊರೆಯುವುದು. ಕುಟುಂಬದ ವಾರ್ಷಿಕ ಆದಾಯವು ೮ ಲಕ್ಷದವರೆಗಿದ್ದರೆ ೧೦ ಲಕ್ಷದವರೆಗಿನ ಸಾಲಕ್ಕೆ ಮರುಪಾವತಿ ಶುರುವಾಗುವ ತನಕ ಬಡ್ಡಿಯಲ್ಲಿ ನೂರಕ್ಕೆ ೩ರಷ್ಟು ರಿಯಾಯಿತಿಯನ್ನೂ ಗೊತ್ತುಮಾಡಿದೆ. ಗೊತ್ತಾದ ಸಂಸ್ಥೆಗಳ ಪಟ್ಟಿಯಲ್ಲಿ ಕಾಲೇಜಿನ ಹೆಸರಿದೆಯೇ ಎಂಬುದನ್ನು ಮೊದಲು ನೋಡಬೇಕು. ಈ ದಾರಿಯನ್ನು ವಿಚಾರಿಸದೆ ಕೈಸಾಲಕ್ಕೆ ಹೋಗುವುದಾಗಲಿ, ಉಳಿದ ಹೊಲವನ್ನು ಮಾರುವುದಾಗಲಿ ವಿವೇಕವಲ್ಲ.

೫. ಮುಖಂಡರ ಕರ್ತವ್ಯ

ವಂಶಪಾರಂಪರ್ಯದ ಪಟೇಲಿಕೆಯು ೧೯೬೧ರ ಕಾಯಿದೆಯಿಂದ ಕೊನೆಗೊಂಡಿತು. ಆದರೆ ಊರಿನ ಹಿರಿಯರ ಮೇಲಿರುವ ಹೊಣೆಯನ್ನು ಯಾವ ಕಾಯಿದೆಯೂ ತೆಗೆದುಹಾಕಿಲ್ಲ. ಮೈಸೂರು ಸಂಸ್ಥಾನದಲ್ಲಿ ೧೯೦೬ರಲ್ಲಿ ಒಕ್ಕಲಿಗರ ಸಂಘವು ಸ್ಥಾಪನೆಯಾದುದೂ, ೧೯೪೧ರಲ್ಲಿ ಸುತ್ತೂರು ಶ್ರೀಗಳಾದ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು ಮೈಸೂರಿನಲ್ಲಿ ವಿದ್ಯಾರ್ಥಿನಿಲಯವನ್ನು ತೆರೆದುದೂ ಹಳ್ಳಿಯ ಮಕ್ಕಳು ಓದಿ ಮುಂದೆ ಬರಲೆಂಬ ಉದ್ದೇಶದಿಂದಲೇ. ಇಂದು ಬೇಕಾಗಿರುವ ಸಹಾಯವು ಅದಕ್ಕಿಂತ ಸುಲಭವಾದುದು.

ಪ್ರತಿ ಊರಿನಲ್ಲಿಯೂ ಪಿ.ಯು.ಸಿ. ಎರಡನೆಯ ವರ್ಷದಲ್ಲಿ ಓದುವ ಮಕ್ಕಳ ಪಟ್ಟಿಯನ್ನು ದಸರಾ ರಜೆಯಲ್ಲಿಯೇ ಮಾಡಬೇಕು. ನಿವೃತ್ತ ಉಪಾಧ್ಯಾಯರೊಬ್ಬರನ್ನು ಕೇಳಿಕೊಂಡು ಒಂದು ಭಾನುವಾರ ಎಲ್ಲರ ಕಾಗದಗಳನ್ನೂ ಪರೀಕ್ಷಿಸಿಸಬೇಕು. ಕೊರತೆಯಿರುವವರನ್ನು ಒಟ್ಟಿಗೆ ನಾಡಕಚೇರಿಗೆ ಕರೆದೊಯ್ಯಬೇಕು. ಜಮೀನುದಾರರು ತಮ್ಮ ಮನೆಯ ಮಕ್ಕಳನ್ನು ಮಾತ್ರವಲ್ಲದೆ ತಮ್ಮ ಹೊಲದಲ್ಲಿ ದುಡಿಯುವವರ ಮಕ್ಕಳನ್ನೂ ಈ ಪಟ್ಟಿಗೆ ಸೇರಿಸಬೇಕು. ಕೂಲಿಗೆ ಹೋಗುವ ತಂದೆಗೆ ಕಚೇರಿಗೆ ಅಲೆಯುವ ಒಂದು ದಿನವೆಂದರೆ ಒಂದು ದಿನದ ಅನ್ನ. ಹೆಣ್ಣುಮಕ್ಕಳ ಹೆಸರನ್ನು ಮದುವೆಯ ಮಾತಿನ ನೆವದಿಂದ ಬಿಡಕೂಡದು.

ಈ ಕೆಲಸಕ್ಕೆ ಬೇಕಾದುದು ನಾಲ್ಕು ಭಾನುವಾರಗಳು, ಒಂದಿಷ್ಟು ಬಸ್ಸಿನ ಖರ್ಚು, ಮತ್ತು ಗಡುವನ್ನು ಗುರುತುಹಾಕಿದ ಒಂದು ಪಂಚಾಂಗ. ಹೊಲಗಳು ಬಡಾವಣೆಗಳಾದ ದಟ್ಟಗಳ್ಳಿಗೂ, ಹೊಲಗಳು ಇನ್ನೂ ಹಸಿರಾಗಿರುವ ಊರುಗಳಿಗೂ ಈ ಮಾತು ಸಮಾನವಾಗಿ ಅನ್ವಯಿಸುವುದು.