ಲಾರಿ ಗಡಿ ದಾಟಬೇಕಾದರೆ



ರಸ್ತೆಯಲ್ಲಿ ಓಡುವ ಲಾರಿಗಳನ್ನು ನಾವು ದಿನಾ ನೋಡುತ್ತೇವೆ. ಈಗ ನಮಗೆ ಓದಲು ಬರುತ್ತದೆ. ಬನ್ನಿ, ಲಾರಿಯ ಮೇಲೆ ಬರೆದದ್ದನ್ನೂ ಓದೋಣ.

ನಂಬರಿನ ಹಲಗೆ ಹಳದಿ. ಅಕ್ಷರ ಕಪ್ಪು. ಇದು ಬಾಡಿಗೆಗೆ ಓಡುವ ಗಾಡಿಯ ಗುರುತು. ಅಕ್ಷರಗಳು ಇಂಗ್ಲಿಷಿನವು. ಕೆ.ಎ. ಅಂದರೆ ಕರ್ನಾಟಕ. ಎಂ.ಎಚ್. ಅಂದರೆ ಮಹಾರಾಷ್ಟ್ರ. ಜಿ.ಜೆ. ಅಂದರೆ ಗುಜರಾತ್. ಮುಂದಿನ ಅಂಕಿ ಆರ್.ಟಿ.ಓ. ಕಚೇರಿಯದು. 27 ಇದ್ದರೆ ಹಾವೇರಿ, 17 ಇದ್ದರೆ ದಾವಣಗೆರೆ.

ಕೆಲವು ಲಾರಿಗಳ ಹಿಂದೆ ಮುಂದೆ ಎನ್.ಪಿ. ಎಂದು ದೊಡ್ಡದಾಗಿ ಬರೆದಿರುತ್ತದೆ. ನ್ಯಾಷನಲ್ ಪರ್ಮಿಟ್ ಎಂಬುದರ ಗುರುತು ಅದು. ಈ ಎರಡು ಅಕ್ಷರದ ಹಿಂದೆ ಒಂದು ಮನೆಯ ಅನ್ನ ಇದೆ. ಹೇಗೆ? ನಮ್ಮ ಕಲಿಕಾ ಕೇಂದ್ರದ ಅಕ್ಕ ಒಬ್ಬರ ಕಥೆ ಕೇಳಿ.

ಅಕ್ಕನ ಕಥೆ

ಈ ಅಕ್ಕನ ಮನೆಯವರು ಲಾರಿ ಓಡಿಸುತ್ತಾರೆ. ಸಾಲ ಮಾಡಿ ಲಾರಿ ಕೊಂಡರು. ಲಾರಿ ಅಕ್ಕನ ಹೆಸರಿನಲ್ಲಿದೆ. ಅಕ್ಕ ಅಂದು ಹೆಬ್ಬೆಟ್ಟು ಒತ್ತಿದ್ದರು. ಕಾಗದಗಳನ್ನು ಟ್ರಂಕಿನಲ್ಲಿ ಇಟ್ಟರು. ಏನು ಬರೆದಿದೆ ಎಂದು ಗೊತ್ತಿರಲಿಲ್ಲ.

ಒಂದು ಸಲ ಬ್ಯಾಡಗಿಯಿಂದ ಅಹಮದಾಬಾದಿಗೆ ಮೆಣಸಿನಕಾಯಿ ಲೋಡು ಸಿಕ್ಕಿತು. ದಾರಿಯಲ್ಲಿ ಅಧಿಕಾರಿಗಳು ಲಾರಿ ನಿಲ್ಲಿಸಿದರು. ಕಾಗದ ಕೇಳಿದರು.

"ಪರ್ಮಿಟ್ ಐದು ವರ್ಷದ್ದು ಐತಲ್ರೀ ಸಾಹೇಬ್ರ" ಅಂದರು ಮನೆಯವರು.

ಪರ್ಮಿಟ್ ಐದು ವರ್ಷದ್ದೇ. ಆದರೆ ಬೇರೆ ರಾಜ್ಯಗಳಲ್ಲಿ ಓಡಿಸುವ ಒಪ್ಪಿಗೆ ಒಂದು ವರ್ಷದ್ದು. ಅದರ ತಾರೀಕು ಮುಗಿದು ಹನ್ನೊಂದು ದಿನ ಆಗಿತ್ತು! ಲಾರಿ ನಿಂತಿತು. ದಂಡ ಬಿತ್ತು. ಬಾಡಿಗೆಯೂ ಪೂರ್ತಿ ಸಿಗಲಿಲ್ಲ. ಆ ತಿಂಗಳ ಕಂತು ಕಟ್ಟಲು ಅಕ್ಕ ತಮ್ಮ ಕಿವಿಯೋಲೆ ಅಡ ಇಟ್ಟರು.

"ಕಾಗದ ನನ್ನ ಟ್ರಂಕಿನಾಗ ಇತ್ತು. ಓದಾಕ ಬಂದಿದ್ರ ಓಲೆ ಉಳೀತಿತ್ತು" ಎಂದು ಅಕ್ಕ ಹೇಳುತ್ತಾರೆ. ಮರು ತಿಂಗಳೇ ಅವರು ನಮ್ಮ ಕೇಂದ್ರಕ್ಕೆ ಬಂದರು.

ನೋಂದಣಿ ಬೇರೆ, ಪರ್ಮಿಟ್ ಬೇರೆ

ಲಾರಿಯನ್ನು ಒಂದು ರಾಜ್ಯದಲ್ಲಿ ನೋಂದಣಿ ಮಾಡಿಸಿದರೆ ಸಾಕು. ಆ ನೋಂದಣಿ ಇಡೀ ದೇಶಕ್ಕೆ ನಡೆಯುತ್ತದೆ. ಇದರ ಕಾಗದವೇ ಆರ್.ಸಿ. ಲಾರಿ ಯಾರದು ಎಂದು ಇದು ಹೇಳುತ್ತದೆ.

ಆದರೆ ಬಾಡಿಗೆಗೆ ಸರಕು ಸಾಗಿಸಬೇಕಾದರೆ ಪರ್ಮಿಟ್ ಬೇಕು. ಲಾರಿ ಎಲ್ಲೆಲ್ಲಿ ಓಡಬಹುದು ಎಂದು ಅದು ಹೇಳುತ್ತದೆ. ಬ್ಯಾಡಗಿಯಿಂದ ಅಹಮದಾಬಾದಿಗೆ ಹೋಗುವ ಲಾರಿ ಕರ್ನಾಟಕ, ಮಹಾರಾಷ್ಟ್ರ, ಗುಜರಾತ್ ಮೂರೂ ರಾಜ್ಯದಲ್ಲಿ ಓಡುತ್ತದೆ. ಅದಕ್ಕೆ ನ್ಯಾಷನಲ್ ಪರ್ಮಿಟ್ ಇದ್ದರೆ ಅನುಕೂಲ.

ಮೊದಲು ಇದು ಬಹಳ ತ್ರಾಸಿನ ಕೆಲಸವಾಗಿತ್ತು. ನಮ್ಮ ರಾಜ್ಯದ ಜೊತೆಗೆ ಕನಿಷ್ಠ ಮೂರು ರಾಜ್ಯ ಆರಿಸಬೇಕಿತ್ತು. ಒಂದೊಂದು ರಾಜ್ಯಕ್ಕೂ ಬೇರೆ ಬೇರೆ ಹಣ ಕಟ್ಟಬೇಕಿತ್ತು. 2010ರ ಮೇ ತಿಂಗಳಲ್ಲಿ ನಿಯಮ ಬದಲಾಯಿತು. ವರ್ಷಕ್ಕೆ ಒಂದೇ ಸಲ 15,000 ರೂಪಾಯಿ ಕಟ್ಟಿದರೆ ಇಡೀ ದೇಶದಲ್ಲಿ ಓಡಿಸಬಹುದು ಎಂದಾಯಿತು. ಈ ಮೊತ್ತ ಆಮೇಲೆ ಹೆಚ್ಚಾಗಿದೆ. ನಮ್ಮ ರಾಜ್ಯಕ್ಕೆ ಕಟ್ಟುವ ತೆರಿಗೆ ಬೇರೆ.

ಒಂದು ಮಾತು ನೆನಪಿಡಿ. ನಮ್ಮ ಲಾರಿ ಇಲ್ಲಿಂದ ಗುಜರಾತಿಗೆ ಸರಕು ಒಯ್ಯಬಹುದು. ಅಲ್ಲಿಂದ ಇಲ್ಲಿಗೆ ತರಬಹುದು. ಆದರೆ ಸೂರತ್‌ನಲ್ಲಿ ತುಂಬಿ ಅಹಮದಾಬಾದಿನಲ್ಲಿ ಇಳಿಸುವ ಹಾಗಿಲ್ಲ. ಎರಡೂ ಊರು ಒಂದೇ ಹೊರರಾಜ್ಯದವು.

ಹೆಸರು ನಮ್ಮದಾದರೆ ಹೊಣೆಯೂ ನಮ್ಮದೇ

"ಹೆಸರಿಗೆ ಮಾತ್ರ ನನ್ನದು, ಎಲ್ಲಾ ಅವರೇ ನೋಡ್ಕೋತಾರೆ" ಎಂದು ನಾವು ಹೇಳುತ್ತೇವೆ. ಕಾನೂನು ಹಾಗೆ ಹೇಳುವುದಿಲ್ಲ. ಆರ್.ಸಿ.ಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು.

ಪರ್ಮಿಟ್ ಇಲ್ಲದ ಲಾರಿಯಿಂದ ಅಪಘಾತವಾಯಿತು ಎನ್ನಿ. ವಿಮಾ ಕಂಪನಿ ನೊಂದವರಿಗೆ ಪರಿಹಾರ ಕೊಟ್ಟು, ಆ ಹಣವನ್ನು ಮಾಲೀಕರಿಂದ ವಸೂಲಿ ಮಾಡಬಹುದು. 2018ರಲ್ಲಿ ಸುಪ್ರೀಂ ಕೋರ್ಟ್ ಇಂಥ ಒಂದು ತೀರ್ಪು ಕೊಟ್ಟಿದೆ. ಆ ಹಣ ಲಕ್ಷಗಟ್ಟಲೆ ಇರಬಹುದು. ಮನೆ, ಹೊಲ ಮಾರುವ ಹೊತ್ತು ಬರಬಹುದು. ಆದ್ದರಿಂದ ತಾರೀಕು ನೋಡುವುದು ನಮ್ಮ ಕೆಲಸ.

ಯಾವ ತಾರೀಕು ನೋಡಬೇಕು?

1. ಪರ್ಮಿಟ್: ಐದು ವರ್ಷ.
2. ನ್ಯಾಷನಲ್ ಪರ್ಮಿಟ್ ಒಪ್ಪಿಗೆ: ಒಂದು ವರ್ಷ.
3. ಎಫ್.ಸಿ., ಅಂದರೆ ಲಾರಿ ಓಡಲು ಯೋಗ್ಯ ಎಂಬ ಪತ್ರ: ಲಾರಿಗೆ ಎಂಟು ವರ್ಷ ಆಗುವ ತನಕ ಎರಡು ವರ್ಷಕ್ಕೊಮ್ಮೆ. ಆಮೇಲೆ ಪ್ರತಿ ವರ್ಷ.
4. ವಿಮೆ, ತೆರಿಗೆ, ಹೊಗೆ ತಪಾಸಣೆ ಚೀಟಿ: ಅವುಗಳ ಮೇಲೆ ಬರೆದ ತಾರೀಕು ನೋಡಿ.
5. ಡ್ರೈವರ್ ಲೈಸೆನ್ಸ್: ಅದರ ಮೇಲೂ ತಾರೀಕು ಇದೆ.

ಏಜೆಂಟರ ಕೈಗೆ ಹಣ ಕೊಟ್ಟು ಸುಮ್ಮನಿರಬೇಡಿ. ರಸೀದಿ ಕೇಳಿ. ಲಾರಿ ನಂಬರು, ಹೆಸರು, ತಾರೀಕು ಮೂರನ್ನೂ ಓದಿ ನೋಡಿ. ಹೆಸರು ತಪ್ಪಾಗಿದ್ದರೆ ಆಗಲೇ ಹೇಳಿ.

ಕಷ್ಟ ಬಂದಾಗ

ಮಾಲೀಕರು ತೀರಿಕೊಂಡರೆ ಏನು ಮಾಡಬೇಕು? ದುಃಖದ ಹೊತ್ತು, ನಿಜ. ಆದರೂ 30 ದಿನದೊಳಗೆ ಆರ್.ಟಿ.ಓ. ಕಚೇರಿಗೆ ಬರೆದು ತಿಳಿಸಬೇಕು. ಹಾಗೆ ತಿಳಿಸಿದರೆ ವಾರಸುದಾರರು ಮೂರು ತಿಂಗಳು ಲಾರಿ ಓಡಿಸಬಹುದು. ಅಷ್ಟರಲ್ಲಿ ಆರ್.ಸಿ.ಯನ್ನೂ ಪರ್ಮಿಟ್ಟನ್ನೂ ತಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು. ಬದುಕಿರುವಾಗಲೇ ಆರ್.ಸಿ.ಯಲ್ಲಿ ನಾಮಿನಿ ಹೆಸರು ಬರೆಸಲು 2021ರಿಂದ ಅವಕಾಶ ಇದೆ. ನಿಮ್ಮ ಮನೆಯ ಆರ್.ಸಿ.ಯಲ್ಲಿ ಬರೆಸಿದೆಯೇ? ಇವತ್ತೇ ಕೇಳಿ.

ಈಗ ಆ ಅಕ್ಕ ಏನು ಮಾಡುತ್ತಾರೆ ಗೊತ್ತೇ? ಅಡುಗೆಮನೆಯ ಗೋಡೆಗೆ ಕ್ಯಾಲೆಂಡರ್ ತೂಗುಹಾಕಿದ್ದಾರೆ. ಎಲ್ಲ ತಾರೀಕಿಗೂ ಕೆಂಪು ಗುರುತು ಹಾಕಿದ್ದಾರೆ. ಲಾರಿ ಹೊರಡುವ ಮುಂಚೆ ಮನೆಯವರೇ ಕೇಳುತ್ತಾರೆ: "ಏನಬೇ, ಕಾಗದ ಎಲ್ಲಾ ಸರಿ ಅದಾವಿಲ್ಲೋ ನೋಡು."

ಅಕ್ಕ ಓದಿ ನೋಡುತ್ತಾರೆ. ಆಮೇಲೆ ಲಾರಿ ಹೊರಡುತ್ತದೆ. ಅಡ ಇಟ್ಟ ಓಲೆಯನ್ನು ಬಿಡಿಸಿಕೊಂಡು ಬಂದಿದ್ದಾರೆ.

ಅಭ್ಯಾಸ

ಉತ್ತರ ಹೇಳಿ:
1. ಲಾರಿ ಯಾರದು ಎಂದು ಯಾವ ಕಾಗದ ಹೇಳುತ್ತದೆ?
2. ಅಕ್ಕನ ಲಾರಿಯನ್ನು ಯಾಕೆ ನಿಲ್ಲಿಸಿದರು?

ಬಿಟ್ಟ ಜಾಗ ತುಂಬಿ:
1. ಕೆ.ಎ. ಅಂದರೆ ______.
2. ಮಾಲೀಕರು ತೀರಿಕೊಂಡರೆ ______ ದಿನದೊಳಗೆ ತಿಳಿಸಬೇಕು.

ಲೆಕ್ಕ ಮಾಡಿ:
ಒಪ್ಪಿಗೆ ಪತ್ರ 2025ರ ಜುಲೈ 12ರಿಂದ ಒಂದು ವರ್ಷದ್ದು. ಅದು ಯಾವ ತಾರೀಕಿಗೆ ಮುಗಿಯುತ್ತದೆ?

ಮನೆಯಲ್ಲಿ ಮಾಡಿ:
ನಿಮ್ಮ ಮನೆಯಲ್ಲಿ ಅಥವಾ ನೆರೆಮನೆಯಲ್ಲಿ ಲಾರಿ, ಟೆಂಪೊ, ಆಟೊ ಇದೆಯೇ? ಅದರ ಕಾಗದ ಕೇಳಿ ಪಡೆಯಿರಿ. ಅದರಲ್ಲಿರುವ ಹೆಸರನ್ನೂ ತಾರೀಕನ್ನೂ ನಿಮ್ಮ ಪುಸ್ತಕದಲ್ಲಿ ಬರೆಯಿರಿ.